ವರ್ಷದ ಹಣ ಕಟ್ಟಿಸಿಕೊಂಡು ನಡುವೆ ದರ ಏರಿಕೆ: ಎಲ್ಲ ಅಡ್ಡರಸ್ತೆಯವರೂ ಗಮನಿಸಬೇಕಾಗಿ ವಿನಂತಿ

ಕಾರ್ಯದರ್ಶಿ, ನಿವಾಸಿಗಳ ಸಂಘ, ತುಮಕೂರು

ಎಲ್ಲರಿಗೂ ನಮಸ್ಕಾರ. ಇಂಟರ್ನೆಟ್, ಸ್ಥಿರ ದೂರವಾಣಿ ಮತ್ತು ಟಿವಿ ಮೂರನ್ನೂ ಒಂದೇ ಫೈಬರ್ ತಂತಿಯಲ್ಲಿ ನಮ್ಮ ಬಡಾವಣೆಗೆ ಕೊಡುತ್ತಿರುವ ಕಂಪನಿಯು ನವೆಂಬರ್ 1ರಿಂದ ತಿಂಗಳ ದರವನ್ನು 599 ರೂಪಾಯಿಯಿಂದ 699ಕ್ಕೆ ಏರಿಸಿರುವುದಾಗಿ ಸಂದೇಶ ಕಳುಹಿಸಿದೆ. ಮಾರ್ಚ್‌ನಲ್ಲೇ ಇಡೀ ವರ್ಷದ ಹಣ ಕಟ್ಟಿದವರಿಂದಲೂ ಉಳಿದ ತಿಂಗಳುಗಳ ವ್ಯತ್ಯಾಸವನ್ನು ಕೇಳುತ್ತಿದೆ. ಈವರೆಗೆ ಹದಿನೇಳು ಮನೆಯವರು ಫೋನ್ ಮಾಡಿದ್ದು, ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಆದ್ದರಿಂದ ವಿಷಯವನ್ನು ನಮ್ಮ ಈ ಗುಂಪಿನಲ್ಲಿಯೇ ಬರೆದು ಚರ್ಚಿಸೋಣ. ಶುಭೋದಯದ ಚಿತ್ರಗಳನ್ನು ದಯವಿಟ್ಟು ಎರಡು ದಿನ ತಡೆಹಿಡಿಯಿರಿ.

ಮನೆ 27, 3ನೇ ಅಡ್ಡರಸ್ತೆ

ನನ್ನ ರಸೀದಿಯ ಲೆಕ್ಕವನ್ನೇ ಹೇಳುತ್ತೇನೆ. ತಿಂಗಳಿಗೆ 599ರಂತೆ ಹನ್ನೆರಡು ತಿಂಗಳಿಗೆ 7,188 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 1,293 ರೂಪಾಯಿ 84 ಪೈಸೆ, ಒಟ್ಟು 8,482 ರೂಪಾಯಿಯನ್ನು ಒಂದೇ ಸಲಕ್ಕೆ ಕಟ್ಟಿದ್ದೇನೆ. ಈಗ ಬಂದಿರುವ ಬಿಲ್ಲಿನಲ್ಲಿ ‘ಯೋಜನೆ ಪರಿಷ್ಕರಣೆಯ ವ್ಯತ್ಯಾಸ’ ಎಂಬ ಸಾಲು ಸೇರಿಸಿ, ನವೆಂಬರ್‌ನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳಿಗೆ ತೆರಿಗೆಯೂ ಸೇರಿ 472 ರೂಪಾಯಿ ಕೇಳಿದ್ದಾರೆ.

ಸಹಾಯವಾಣಿಯಲ್ಲಿ ವಿಚಾರಿಸಿದರೆ, ಹೊಸ ಯೋಜನೆಗೆ ಅಕ್ಟೋಬರ್‌ನಲ್ಲಿ ನಾನೇ ಒಪ್ಪಿಗೆ ಕೊಟ್ಟಿದ್ದೇನೆಂದು ಹೇಳಿದರು. ಯಾವ ಕಾಗದಕ್ಕೂ ನಾನು ಸಹಿ ಹಾಕಿರಲಿಲ್ಲ. ಆಮೇಲೆ ನೆನಪಾಯಿತು: ಒಂದು ಬೆಳಿಗ್ಗೆ ಸಾರಿಗೆ ಒಗ್ಗರಣೆ ಇಟ್ಟಿದ್ದಾಗ ಕಂಪನಿಯ ಅಂಗಿ ತೊಟ್ಟ ಹುಡುಗನೊಬ್ಬ ಬಾಗಿಲಿಗೆ ಬಂದು, “ಸ್ಪೀಡ್ ಜಾಸ್ತಿ ಮಾಡ್ತಿದೀವಿ ಆಂಟಿ, ಒಂದು ಓಟಿಪಿ ಬರುತ್ತೆ, ಹೇಳ್ಬಿಡಿ” ಎಂದಿದ್ದ. ಸಾಸಿವೆ ಸೀದುಹೋಗುತ್ತದೆಂಬ ಅವಸರದಲ್ಲಿ ಫೋನ್ ನೋಡಿ ಅಂಕೆಗಳನ್ನು ಓದಿಬಿಟ್ಟೆ. ಈಗ ಆ ಸಂದೇಶವನ್ನು ತೆರೆದು ನೋಡಿದರೆ ‘ಯೋಜನೆ ಬದಲಾವಣೆಗಾಗಿ’ ಎಂದಷ್ಟೇ ಇದೆ, ದರದ ಮಾತೇ ಇಲ್ಲ. ಒಗ್ಗರಣೆಯೂ ಸೀದಿತು, ಅದು ಬೇರೆ ಮಾತು.

ಮನೆ 9, 1ನೇ ಅಡ್ಡರಸ್ತೆ

ಮೇಡಂ, ಆ ಸಂದೇಶವನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಒಪ್ಪಿಗೆಗೆ ಸಾಕ್ಷಿಯೆಂದು ಅವರು ತೋರಿಸುವ ಆ ಸಂದೇಶವೇ, ದರ ತಿಳಿಸದೆ ಒಪ್ಪಿಗೆ ಪಡೆದರೆಂಬುದಕ್ಕೆ ನಮಗೂ ಸಾಕ್ಷಿಯಾಗುತ್ತದೆ.

ಬ್ಯಾಂಕಿನಲ್ಲಿದ್ದಾಗ ಸುತ್ತೋಲೆಗಳನ್ನು ಓದಿ ಓದಿ ಬಂದ ಅಭ್ಯಾಸದಿಂದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಆದೇಶಗಳನ್ನೂ ಓದಿದ್ದೇನೆ. ದೂರಸಂಪರ್ಕ ದರ ಆದೇಶಕ್ಕೆ 2004ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಗ್ರಾಹಕನು ಒಂದು ಯೋಜನೆಗೆ ಸೇರಿದ ದಿನದಿಂದ ಆರು ತಿಂಗಳವರೆಗೆ ಆ ಯೋಜನೆ ಅವನಿಗೆ ಲಭ್ಯವಿರಬೇಕು ಮತ್ತು ಅದರ ಯಾವ ದರವನ್ನೂ ಹೆಚ್ಚಿಸುವಂತಿಲ್ಲ. ಬೇರೆ ಯೋಜನೆಗೆ ಹೋಗುವ ಸ್ವಾತಂತ್ರ್ಯ ಮಾತ್ರ ಗ್ರಾಹಕನಿಗೆ ಯಾವಾಗಲೂ ಇರುತ್ತದೆ. 2006ರ 43ನೇ ತಿದ್ದುಪಡಿ ಇದನ್ನು ಇನ್ನೂ ಮುಂದಕ್ಕೆ ಒಯ್ದು, ಆರು ತಿಂಗಳಿಗಿಂತ ಹೆಚ್ಚಿನ ಅವಧಿಗೆ ಮುಂಗಡ ಹಣ ಪಡೆದಿದ್ದರೆ ಆ ಅವಧಿ ಮುಗಿಯುವವರೆಗೂ ದರ ಏರಿಸಬಾರದೆಂದು ಹೇಳಿದೆ. ಮಾರ್ಚ್‌ನಲ್ಲಿ ವರ್ಷದ ಹಣ ಕಟ್ಟಿದವರ ಕೈ ಇಲ್ಲಿ ಗಟ್ಟಿಯಾಗಿದೆ.

ಒಂದು ತೊಡಕನ್ನು ಮುಚ್ಚಿಡದೆ ಹೇಳಬೇಕು. ಈ ಆದೇಶ ಮುಖ್ಯವಾಗಿ ದೂರವಾಣಿ ಸೇವೆ ಕೊಡುವ ಕಂಪನಿಗಳ ಯೋಜನೆಗಳನ್ನು ಕುರಿತದ್ದು. ನಮ್ಮ ಸಂಪರ್ಕದಲ್ಲಿ ಸ್ಥಿರ ದೂರವಾಣಿಯೂ ಸೇರಿರುವುದರಿಂದ ಇದನ್ನು ಆಧಾರವಾಗಿ ಹಿಡಿಯಬಹುದು. ಬರೀ ಇಂಟರ್ನೆಟ್ ಮಾತ್ರ ಪಡೆದಿರುವ ಮನೆಯವರಿಗೆ, ನಿಮಗಿದು ಅನ್ವಯಿಸುವುದಿಲ್ಲವೆಂದು ಕಂಪನಿ ವಾದಿಸುವ ಸಾಧ್ಯತೆ ಇದೆ. ಅಂಥವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ತಿಂಗಳು ತಿಂಗಳು ಕಟ್ಟುತ್ತಾ ಬಂದು, ಯೋಜನೆಗೆ ಸೇರಿ ಆರು ತಿಂಗಳು ದಾಟಿದವರಿಗೆ ಮಾತ್ರ ಏರಿಕೆಯನ್ನು ತಡೆಯುವ ದಾರಿ ಇಲ್ಲ. ನನ್ನ ಮನೆಯೂ ಅದೇ ಗುಂಪಿಗೆ ಸೇರಿದೆ. ಆದ್ದರಿಂದ ಯೋಜನೆಗೆ ಸೇರಿದ ದಿನಾಂಕ ಯಾವುದು, ಎಷ್ಟು ತಿಂಗಳಿಗೆ ಹಣ ಕಟ್ಟಿದ್ದೇವೆ ಎಂಬೆರಡನ್ನು ಪ್ರತಿಯೊಬ್ಬರೂ ಮೊದಲು ನೋಡಿಕೊಳ್ಳಬೇಕು.

ಮನೆ 41, 4ನೇ ಅಡ್ಡರಸ್ತೆ

ಇಷ್ಟೆಲ್ಲ ಆದೇಶ, ತಿದ್ದುಪಡಿ ಯಾಕೆ ಸರ್? ಎಲ್ಲರೂ ಒಂದೇ ದಿನ ಸಂಪರ್ಕ ಕಡಿಸಿಕೊಂಡು ಬೇರೆ ಕಂಪನಿಗೆ ಹೋಗೋಣ. ನೂರು ಮನೆ ಒಟ್ಟಿಗೆ ಕೈಬಿಟ್ಟರೆ ಅವರೇ ಬಾಗಿಲಿಗೆ ಬರುತ್ತಾರೆ.

ಕಾರ್ಯದರ್ಶಿ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ 3ನೇ ಮತ್ತು 4ನೇ ಅಡ್ಡರಸ್ತೆಗೆ ಬೇರೆ ಯಾವ ಕಂಪನಿಯ ಫೈಬರ್ ಇನ್ನೂ ಬಂದಿಲ್ಲ. ಎರಡು ವರ್ಷದಿಂದ ಬೆಸ್ಕಾಂ ಕಂಬಕ್ಕೆ ಸುತ್ತಿಟ್ಟಿರುವ ಇನ್ನೊಂದು ತಂತಿಯ ಸುರುಳಿ ಅಲ್ಲಿಯೇ ಜೋತಾಡುತ್ತಿದೆ. ಮಕ್ಕಳ ಪರೀಕ್ಷೆಯ ದಿನಗಳು ಹತ್ತಿರವಿರುವಾಗ, ಮನೆಯಿಂದಲೇ ಬೆಂಗಳೂರಿನ ಕಚೇರಿಯ ಕೆಲಸ ಮಾಡುವವರು ಇಷ್ಟು ಮಂದಿ ಇರುವಾಗ, ಸಂಪರ್ಕ ಕಡಿಸಿಕೊಂಡು ಕೂರುವುದು ನಮಗೆ ಆಗುವ ಮಾತಲ್ಲ. ಅಲ್ಲದೆ ವರ್ಷದ ಹಣ ಕಟ್ಟಿದವರು ಈಗ ಬಿಟ್ಟರೆ ಉಳಿದ ನಾಲ್ಕು ತಿಂಗಳ ಹಣಕ್ಕಾಗಿ ಮತ್ತೊಂದು ಜಗಳ ಶುರುವಾಗುತ್ತದೆ.

ಮನೆ 3, 1ನೇ ಅಡ್ಡರಸ್ತೆ

ಟಿವಿಯ ಬಾಬತ್ತನ್ನು ಬೇರೆಯಾಗಿಯೇ ನೋಡಬೇಕೆಂದು ನನ್ನ ಅಭಿಪ್ರಾಯ. ಅಲ್ಲಿನ ನಿಯಮಗಳು ಬೇರೆ. ಚಾನೆಲ್‌ಗಳನ್ನು ಮನೆಗೆ ತಲುಪಿಸುವುದಕ್ಕೆ ಪಡೆಯುವ ನೆಟ್‌ವರ್ಕ್ ಶುಲ್ಕಕ್ಕೆ ಮೊದಲು 200 ಚಾನೆಲ್‌ಗಳವರೆಗೆ ತೆರಿಗೆ ಬಿಟ್ಟು 130 ರೂಪಾಯಿಯ ಮಿತಿ ಇತ್ತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನು ತೆಗೆದುಹಾಕಿತು. ಹಣ ಕೊಟ್ಟು ನೋಡುವ ಚಾನೆಲ್‌ನ ದರವನ್ನು ಆಯಾ ಚಾನೆಲ್‌ನವರೇ ನಿಗದಿ ಮಾಡುತ್ತಾರೆ. ಹೀಗಾಗಿ ಟಿವಿಯ ವಿಷಯದಲ್ಲಿ ಜಗಳಕ್ಕಿಂತ ಕತ್ತರಿಯೇ ಲೇಸು. ಪ್ರತಿ ಚಾನೆಲ್ಲನ್ನೂ ಬಿಡಿಯಾಗಿ ಕೊಡಲೇಬೇಕೆಂಬ ನಿಯಮವಿರುವುದರಿಂದ, ಬೇಕಾದದ್ದನ್ನು ಮಾತ್ರ ಆರಿಸಿಕೊಂಡು ಅವರು ಕಟ್ಟಿಕೊಟ್ಟ ಗುಚ್ಛವನ್ನು ಬಿಡಬಹುದು. ನಮ್ಮ ಮನೆಯ ಪಟ್ಟಿ ತೆಗೆದು ನೋಡಿದಾಗ, ನಮಗಿಬ್ಬರಿಗೂ ಗೊತ್ತಿಲ್ಲದ ಭಾಷೆಗಳ ಹನ್ನೊಂದು ಚಾನೆಲ್‌ಗಳಿಗೆ ಹಣ ಕಟ್ಟುತ್ತಿದ್ದೆವು. ನನ್ನವರಿಗೆ ಚಂದನ ಒಂದಿದ್ದರೆ ಸಾಕು, ಅದು ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್‌ನಲ್ಲೂ ಬರುತ್ತದೆ.

ಬ್ರಿಟನ್‌ನಲ್ಲಿರುವ ಮಗನಿಗೆ ಇದನ್ನೆಲ್ಲ ಹೇಳಿದಾಗ ಅಲ್ಲಿಯೂ ಇದೇ ಗೋಳು ಎಂದ. ಒಪ್ಪಂದದ ನಡುವೆ ಹಣದುಬ್ಬರದ ಲೆಕ್ಕ ಹಿಡಿದು ದರ ಏರಿಸುವ ಷರತ್ತನ್ನು ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್, 2025ರ ಜನವರಿ 17ರಿಂದಾಚೆಗಿನ ಹೊಸ ಒಪ್ಪಂದಗಳಲ್ಲಿ ನಿಷೇಧಿಸಿದೆಯಂತೆ. ಆದರೆ ಏರಿಕೆಯೇ ನಿಂತಿಲ್ಲ. ಎಷ್ಟು ಪೌಂಡು, ಎಷ್ಟು ಪೆನ್ಸು, ಯಾವಾಗಿನಿಂದ ಎಂದು ಸೇರುವಾಗಲೇ ಬರೆದು ತಿಳಿಸಬೇಕು, ಅಷ್ಟೆ. ಓಟಿಪಿ ಕೇಳುವಾಗ ಅಷ್ಟನ್ನು ನಮಗೂ ಹೇಳಿದ್ದರೆ ಸಾಕಿತ್ತು.

ಮನೆ 33, 3ನೇ ಅಡ್ಡರಸ್ತೆ

ಎಲ್ಲರಲ್ಲಿ ಒಂದು ವಿನಂತಿ. ಓಟಿಪಿ ಕೇಳಿದ ಹುಡುಗನನ್ನು ನಿನ್ನೆ ಯಾರೋ ರಸ್ತೆಯಲ್ಲಿ ನಿಲ್ಲಿಸಿ ಬೈದರಂತೆ. ನನ್ನ ಜೆರಾಕ್ಸ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಮಳೆಯಲ್ಲಿ ತಂತಿ ತುಂಡಾದಾಗ ಏಣಿ ಹೊತ್ತು ಬರುವವನೂ ಅವನೇ. ದಿನಕ್ಕೆ ಇಷ್ಟು ಓಟಿಪಿ ತರಬೇಕೆಂದು ಮೇಲಿನವರು ಗುರಿ ಕೊಟ್ಟಿದ್ದಾರೆ, ದರ ಏರಿಕೆಯ ವಿಷಯ ತನಗೂ ಹೇಳಿರಲಿಲ್ಲ ಎಂದ. ನಮ್ಮ ಮಾತು ಕಂಪನಿಯ ಜೊತೆ ಇರಲಿ.

ಮನೆ 9, 1ನೇ ಅಡ್ಡರಸ್ತೆ

ಒಪ್ಪಿದೆ. ಹಾಗಾದರೆ ಮಾಡಬೇಕಾದದ್ದು ಹೀಗೆ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ, ಆದ್ದರಿಂದ ಅಲ್ಲಿಗೆ ಪತ್ರ ಬರೆದು ಕಾಯುತ್ತಾ ಕೂರುವುದು ಬೇಡ. 2012ರ ದೂರು ಪರಿಹಾರ ನಿಯಮಗಳಂತೆ ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ಕೊಟ್ಟು ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಪಡೆಯಬೇಕು. ಸಂಖ್ಯೆ ಕೊಡದೆ “ನೋಟ್ ಮಾಡಿಕೊಂಡಿದ್ದೇವೆ” ಎಂದರೆ ಫೋನ್ ಇಡಬೇಡಿ. ಅವರ ಉತ್ತರ ಸರಿಬರದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಅದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು. ಇದರ ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು.

ಅಷ್ಟಕ್ಕೂ ಬಗ್ಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರಸಂಪರ್ಕದ ತಕರಾರನ್ನು ಗ್ರಾಹಕರ ಆಯೋಗಗಳು ನೋಡುವಂತಿಲ್ಲ ಎಂದು ಕಂಪನಿಗಳು ಹಿಂದೆ ವಾದಿಸುತ್ತಿದ್ದವು. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ನಮ್ಮಷ್ಟು ಚಿಕ್ಕ ಮೊತ್ತಕ್ಕೆ ಅರ್ಜಿ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ, ಎರಡು ವರ್ಷದೊಳಗೆ ಹೋದರೆ ಸಾಕು. ಒಂದೇ ಹಿತವಿರುವ ಹಲವು ಗ್ರಾಹಕರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಕಲಮಿನಲ್ಲಿ ಅವಕಾಶವಿದೆ. ದೂರಿನಲ್ಲಿ ‘ಸೇವಾ ನ್ಯೂನತೆ’ ಮತ್ತು ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಬರೆಯೋಣ. ‘ಅನ್ಯಾಯದ ಒಪ್ಪಂದ’ ಎಂದು ಬರೆದರೆ ಅದು ರಾಜ್ಯ ಆಯೋಗದ ವ್ಯಾಪ್ತಿಗೆ ಹೋಗುತ್ತದೆ, ನಾವು ಬೆಂಗಳೂರಿಗೆ ಓಡಾಡಬೇಕಾಗುತ್ತದೆ.

ಮನೆ 27, 3ನೇ ಅಡ್ಡರಸ್ತೆ

ಇಂದು ಮಧ್ಯಾಹ್ನ ಡಾಕೆಟ್ ಸಂಖ್ಯೆ ಪಡೆದೆ. ಒಂದು ಗಂಟೆಯೊಳಗೆ ಕಂಪನಿಯಿಂದ ಬೇರೊಬ್ಬರು ಫೋನ್ ಮಾಡಿ, 472 ರೂಪಾಯಿಯನ್ನು ನನಗೆ ಮಾತ್ರ ಮನ್ನಾ ಮಾಡುವುದಾಗಿಯೂ, ದೂರನ್ನು ಹಿಂದಕ್ಕೆ ಪಡೆಯಬೇಕೆಂದೂ, ಇದನ್ನು ಗುಂಪಿನಲ್ಲಿ ಹಾಕಬಾರದೆಂದೂ ಕೇಳಿದರು. ಮನ್ನಾ ಮಾಡಲು ಅದು ನನ್ನ ಸಾಲವಲ್ಲ, ಬಿಲ್ಲಿನಲ್ಲಿ ತಪ್ಪಾಗಿ ಹಾಕಿದ ಸಾಲನ್ನು ತೆಗೆದಿದ್ದೇವೆಂದು ಇಮೇಲ್‌ನಲ್ಲಿ ಬರೆದು ಕಳುಹಿಸಿ ಎಂದೆ. ವಿಚಾರಿಸಿ ಹೇಳುತ್ತೇವೆ ಎಂದು ಫೋನ್ ಇಟ್ಟರು. ಗುಂಪಿನಲ್ಲಿ ಹಾಕಿದ್ದೇನೆ.

ಕಾರ್ಯದರ್ಶಿ

ಬಹಳ ಸರಿಯಾದ ಮಾತು, ಮೇಡಂ. ವರ್ಷದ ಹಣ ಕಟ್ಟಿದವರು ಒಟ್ಟು ಹನ್ನೆರಡು ಮನೆ ಎಂದು ಲೆಕ್ಕ ಸಿಕ್ಕಿದೆ. ಅವರೆಲ್ಲರೂ ಭಾನುವಾರದೊಳಗೆ ತಮ್ಮ ತಮ್ಮ ಹೆಸರಿನಲ್ಲೇ ದೂರು ಕೊಟ್ಟು ಡಾಕೆಟ್ ಸಂಖ್ಯೆಯನ್ನು ಇಲ್ಲಿ ಹಾಕಬೇಕು. ಸೇರಿ ಆರು ತಿಂಗಳಾಗದವರು ಐದು ಮನೆಯವರು, ಅವರೂ ಹಾಗೆಯೇ ಮಾಡಲಿ. ಅದುವರೆಗೆ ಬಿಲ್ಲಿನ ವ್ಯತ್ಯಾಸದ ಸಾಲನ್ನು ಒಪ್ಪುವುದಿಲ್ಲವೆಂದು ಇಮೇಲ್‌ನಲ್ಲಿ ತಿಳಿಸಿಡಿ. ಮನೆ ಬಾಗಿಲಲ್ಲಿ ಯಾರೇ ಓಟಿಪಿ ಕೇಳಿದರೂ ಮೊದಲು ಸಂದೇಶವನ್ನು ಪೂರ್ತಿ ಓದಿ.

ಮನೆ 33, 3ನೇ ಅಡ್ಡರಸ್ತೆ

ರಸೀದಿಗಳ ಪ್ರತಿ ತೆಗೆಸುವವರು ಬೆಳಿಗ್ಗೆ ಒಂಬತ್ತರ ನಂತರ ಅಂಗಡಿಗೆ ಬನ್ನಿ, ಈ ಕೆಲಸಕ್ಕೆ ಹಣ ಬೇಡ. ಏಜೆಂಟರ ಸಣ್ಣ ಯಂತ್ರದಲ್ಲಿ ಮುದ್ರಿಸಿದ ರಸೀದಿಗಳು ನಾಲ್ಕೈದು ತಿಂಗಳಿಗೆ ಮಾಸಿಹೋಗುತ್ತವೆ. ಇಂದು ಬಂದ ಮೂರು ರಸೀದಿಗಳಲ್ಲಿ ಒಂದರ ದಿನಾಂಕ ಕಾಣಿಸುತ್ತಲೇ ಇರಲಿಲ್ಲ. ಅಂಥವರು ಹಣ ಕಟ್ಟಿದ ದಿನದ ಬ್ಯಾಂಕ್ ಪಾಸ್‌ಬುಕ್ಕನ್ನೂ ಜೊತೆಗೆ ತನ್ನಿ.