ಹಂಪಿಯ ಮಂಟಪಗಳು ನೀರಿಗೆ ಬಿದ್ದಿವೆ, ಏನು ಮಾಡಲಿ?

ಹೊಸಪೇಟೆ ಮೇಷ್ಟ್ರು:
ಒಂಬತ್ತನೇ ತರಗತಿಯ ಮಕ್ಕಳನ್ನು ಹಂಪಿಗೆ ಕರೆದೊಯ್ದು, ಮೊಬೈಲಿನಲ್ಲಿ ಮಂಟಪಗಳ ಸ್ಥಳ ದಾಖಲಿಸಿಕೊಂಡೆವು. ಶಾಲೆಯಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದರೆ ದಡದ ಎರಡು ಮಂಟಪಗಳು ತುಂಗಭದ್ರೆಯ ನಡುನೀರಿನಲ್ಲಿ ನಿಂತಿವೆ! ಮಕ್ಕಳಿಗೆ ನಗು, ನನಗೆ ತಲೆನೋವು. ಎಲ್ಲಿ ತಪ್ಪಿದೆ?

ಸರ್ವೆ ಕೆಲಸದವನು:
ಕಲ್ಲಿನ ಚಾವಣಿಯಡಿ ನಿಂತು ಗುರುತಿಸಿದಿರಾ ಮೇಷ್ಟ್ರೇ? ಉಪಗ್ರಹದ ಸಂಕೇತ ಬಂಡೆಗೆ ಬಡಿದು ಬಂದರೆ ಸ್ಥಳ ಜರುಗುತ್ತದೆ. ಬಯಲಿಗೆ ಬಂದು ಒಂದೆರಡು ನಿಮಿಷ ಕಾದು ಗುರುತಿಸಿ. ಉಳಿದದ್ದನ್ನು ಉಪಗ್ರಹ ಚಿತ್ರದ ಮೇಲೆ ಕೈಯಾರೆ ಸರಿಪಡಿಸಿ. ಅದಕ್ಕೆ ಇಸ್ರೋದ ನಕ್ಷೆ ಜಾಲತಾಣ ಭುವನ್ ಕೂಡ ಇದೆ.

ಆನೆಗೊಂದಿಯವಳು:
ಸರಿಪಡಿಸುವ ಮುನ್ನ ತಪ್ಪು ನಕ್ಷೆಯ ಒಂದು ಪ್ರತಿ ಇಟ್ಟುಕೊಳ್ಳಿ, ಅದೂ ಪಾಠವೇ. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳಲ್ಲಿ ವಿರೂಪಾಕ್ಷ ಬೀದಿಯನ್ನು 2011ರಲ್ಲಿ ಅಂಗಡಿ-ಮನೆಗಳನ್ನು ತೆರವು ಮಾಡುವ ಮೊದಲು, ಆಮೇಲೆ ಹೇಗಿತ್ತೆಂದು ತೋರಿಸಿ. ತುಂಗಭದ್ರೆಗೆ ಕಟ್ಟುತ್ತಿದ್ದ ನಮ್ಮ ಆನೆಗೊಂದಿ ಸೇತುವೆಯ ಕಥೆಯನ್ನಂತೂ ಬಿಡಬೇಡಿ: ಅದರ ಕಾಮಗಾರಿಯಿಂದಾಗಿ 1999ರಲ್ಲಿ ಹಂಪಿ ಯುನೆಸ್ಕೋದ ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿ ಸೇರಿತು, 2006ರಲ್ಲಿ ಹೊರಬಂತು. 2009ರಲ್ಲಿ ಸೇತುವೆಯೇ ಕುಸಿಯಿತು. ಅದು ಎಲ್ಲಿರಬೇಕಿತ್ತು ಎಂದು ಮಕ್ಕಳಿಂದಲೇ ಗೆರೆ ಎಳೆಸಿ.

ಹೊಸಪೇಟೆ ಮೇಷ್ಟ್ರು:
ಎಳೆಸಿದೆ ತಾಯಿ. ಹದಿನಾಲ್ಕು ಮಕ್ಕಳು, ಹದಿಮೂರು ಸೇತುವೆಗಳು. ಒಬ್ಬಳು ಮಾತ್ರ ಹರಿಗೋಲು ಬರೆದಿದ್ದಾಳೆ.