ಹಳ್ಳದ ತಳದ ತಾಪಮಾನ ನೋಡಿ ಅಂತರ್ಜಲ ಮೇಲೆ ಬರುತ್ತಿದೆ ಅಂತ ಹೇಳಬಹುದಾ?

ಪ್ರಶ್ನೆ – ಮರಳುದಂಡೆ
ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಒಂದು ಸಣ್ಣ ಹಳ್ಳದ ಮರಳಿನಲ್ಲಿ ಪೈಪ್ ಇಳಿಸಿ, 15 ಮತ್ತು 30 ಸೆಂ.ಮೀ. ಆಳದಲ್ಲಿ ಟೆಂಪರೇಚರ್ ಲಾಗರ್ ಕೂರಿಸಿದ್ದೇನೆ. ಇನ್ನೊಂದು ಲಾಗರ್ ಹರಿಯುವ ನೀರಿನಲ್ಲಿದೆ. 15 ನಿಮಿಷಕ್ಕೊಂದು ರೀಡಿಂಗ್. ಹಳ್ಳದ ನೀರು ದಿನಕ್ಕೆ 6 ಡಿಗ್ರಿ ಏರಿಳಿಯುತ್ತದೆ. 30 ಸೆಂ.ಮೀ.ನಲ್ಲಿ ಗೆರೆ ಹೆಚ್ಚುಕಡಿಮೆ ಸಪಾಟು. ಅಂತರ್ಜಲ ಮೇಲೆ ಬರುತ್ತಿದೆ ಅಂತ ಬರೆದುಬಿಡಲಾ?

ಉತ್ತರ – ಒರತೆ
ಸ್ವಲ್ಪ ತಡೆಯಿರಿ. ಮರಳಿನೊಳಗೆ ನೀರು ಅಲ್ಲಾಡದಿದ್ದರೂ ಆಳಕ್ಕೆ ಹೋದಂತೆ ಏರಿಳಿತ ಸಾಯುತ್ತದೆ. ನೀರು ತುಂಬಿದ ಮರಳಿನಲ್ಲಿ ಸುಮಾರು 14 ಸೆಂ.ಮೀ.ಗೆ ಅದು ಮೂರನೇ ಒಂದು ಭಾಗದಷ್ಟಕ್ಕೆ ಬರುತ್ತದೆ. ಅಂದರೆ ನಿಮ್ಮ 6 ಡಿಗ್ರಿಯಲ್ಲಿ 15 ಸೆಂ.ಮೀ.ಗೆ 2, 30 ಸೆಂ.ಮೀ.ಗೆ 0.7 ಉಳಿಯಬೇಕು. ನಿಮ್ಮ ಅಳತೆಯನ್ನು ಇದರ ಪಕ್ಕ ಇಟ್ಟು ನೋಡಿ. ಇದಕ್ಕಿಂತ ಜಾಸ್ತಿ ಇದ್ದರೆ ಹಳ್ಳದ ನೀರು ಕೆಳಗಿಳಿಯುತ್ತಾ ತನ್ನ ಬಿಸಿಯನ್ನೂ ಹೊತ್ತೊಯ್ಯುತ್ತಿದೆ. ಕಡಿಮೆ ಇದ್ದರೆ ಕೆಳಗಿನ ನೀರು ಎದುರು ಬರುತ್ತಿದೆ. ಅಂತರ್ಜಲದ ತಾಪಮಾನ ದಿನದಿಂದ ದಿನಕ್ಕೆ ಬದಲಾಗುವುದಿಲ್ಲ ಅಲ್ವಾ, ಅದಕ್ಕೇ ಈ ವಿಧಾನ ಕೆಲಸ ಮಾಡುವುದು.

ಮರಳುದಂಡೆ
ಈಗ ನೋಡಿದೆ. 15ರಲ್ಲಿ 1.1, 30ರಲ್ಲಿ 0.2 ಡಿಗ್ರಿ! ಎರಡೂ ಕಡಿಮೆ. ಮಧ್ಯಾಹ್ನದ ಶಿಖರ ಕೆಳಗೆ ಎಷ್ಟು ತಡವಾಗಿ ಬರುತ್ತದೆ ಅನ್ನುವುದರಿಂದಲೂ ದಿಕ್ಕು ಗೊತ್ತಾಗುತ್ತದಾ?

ಉತ್ತರ – ಒರತೆ
ಇಲ್ಲ. ಆ ತಡದಿಂದ ವೇಗ ಸಿಗುತ್ತದೆ. ನೀರು ಮೇಲೆ ಬಂದರೂ ಕೆಳಗೆ ಹೋದರೂ ವೇಗ ಒಂದೇ ಆಗಿದ್ದರೆ ತಡವೂ ಅಷ್ಟೇ. 1965ರಲ್ಲಿ ಅಮೆರಿಕದ ಜಲವಿಜ್ಞಾನಿ ಸ್ಟಾಲ್‌ಮನ್ ಕೊಟ್ಟ ಸಮೀಕರಣದಲ್ಲೇ ಇದು ಕಾಣುತ್ತದೆ. ದಿಕ್ಕಿಗೆ ಏರಿಳಿತವನ್ನೇ ನೋಡಬೇಕು. ನಿಮ್ಮ ಎರಡು ಅಳತೆಗಳೂ ಒಂದೇ ಕಥೆ ಹೇಳುತ್ತಿವೆ, ನನಗೆ ಖುಷಿಯಾಯಿತು. ಆದರೆ 0.2 ಅನ್ನುವುದು ಚಿಕ್ಕ ಅಂಕಿ. ನಿಮ್ಮ ಲಾಗರ್ ಎಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯುತ್ತದೆ ನೋಡಿಕೊಳ್ಳಿ.

ಉತ್ತರ – ಹೊಳೆಸಾಲು
ಒಂದು ಮಾತು ಸೇರಿಸುತ್ತೇನೆ. ಒಮ್ಮೆ ಮಳೆಗೆ ಹಳ್ಳ ತುಂಬಿ ಹರಿದು ನನ್ನ ಪೈಪಿನ ಸುತ್ತ ಒಂದು ಗೇಣು ಮರಳು ಕೂತಿತ್ತು. 15 ಸೆಂ.ಮೀ. ಅಂದುಕೊಂಡಿದ್ದ ಲಾಗರ್ ನಿಜಕ್ಕೂ 35ರಲ್ಲಿತ್ತು. ಏರಿಳಿತ ಕುಸಿದದ್ದು ನೋಡಿ ಅಂತರ್ಜಲ ಉಕ್ಕುತ್ತಿದೆ ಅಂತ ಎರಡು ತಿಂಗಳು ನಂಬಿದ್ದೆ. ಆ ಡೇಟಾ ಪೂರ್ತಿ ಬಿಡಬೇಕಾಯಿತು, ಈಗಲೂ ಬೇಜಾರಾಗುತ್ತದೆ. ಪ್ರತಿ ಸಲ ಹೋದಾಗ ಪೈಪಿನ ತುದಿಯಿಂದ ಮರಳಿನವರೆಗೆ ಟೇಪ್ ಹಿಡಿದು ಅಳೆದು, ದಿನಾಂಕದ ಜೊತೆ ಬರೆದಿಡಿ.

ಮರಳುದಂಡೆ
ಹೋದ ವಾರ ಜೋರು ಮಳೆ ಬಂದಿತ್ತು. ಕೂರಿಸಿದ ಮೇಲೆ ನಾನು ಒಮ್ಮೆಯೂ ಅಳೆದಿಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ಅಳೆದು ಇಲ್ಲೇ ಹಾಕುತ್ತೇನೆ.