ಕ್ರಿಸ್‌ಮಸ್ ಕಾರ್ಡಿನ ಮಡಿಕೆಯಲ್ಲಿ ಬಿಳಿ ಬಿರುಕು, ಫೆವಿಕಾಲ್ ಹಾಕಿದರೆ ಸೊಟ್ಟ. ಜೊತೆಗೊಂದು ಜಂಕ್ ಜರ್ನಲ್ ಪ್ರಶ್ನೆ

ಡೊಂಬಿವಲಿ_ಕತ್ತರಿ

ಎಲ್ಲರಿಗೂ ನಮಸ್ಕಾರ. ಈ ಸಲ 30 ಕ್ರಿಸ್‌ಮಸ್ ಕಾರ್ಡುಗಳನ್ನು ಕೈಯಲ್ಲೇ ಮಾಡಬೇಕು. ಮೊದಲ ಆರರಲ್ಲೇ ಮೂರು ತೊಂದರೆ.

ಒಂದು: ಕಡುಕೆಂಪು ಎ4 ಕಾರ್ಡ್‌ಶೀಟ್, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ). ನಡುವೆ ಗೀರೆಳೆದು ಮಡಚಿದರೂ ಮಡಿಕೆಯ ಉದ್ದಕ್ಕೂ ಬಿಳಿ ಬಿರುಕು.

ಎರಡು: ಮುಂಭಾಗಕ್ಕೆ ಡಿಸೈನ್ ಪೇಪರನ್ನು ಫೆವಿಕಾಲ್‌ನಲ್ಲಿ ಅಂಟಿಸಿದರೆ, ಒಣಗಿದ ಮೇಲೆ ಇಡೀ ಕಾರ್ಡು ಕರಿದ ಹಪ್ಪಳದ ಹಾಗೆ ಡೊಂಕು.

ಮೂರು: ಒಳಗೆ ಎದ್ದು ನಿಲ್ಲುವ ಕ್ರಿಸ್‌ಮಸ್ ಮರ. ಮಡಿಕೆಯ ಕಡೆಯಿಂದ 80 ಮಿ.ಮೀ. ಕತ್ತರಿಸಿ ಒಳಕ್ಕೆ ತಳ್ಳಿದ್ದು. ಕಾರ್ಡು ಮುಚ್ಚಿದರೆ ಮರದ ಅಂಚು ಬೆರಳಗಲ ಹೊರಗೆ ಇಣುಕುತ್ತದೆ.

ಉಳಿದ ಚೂರುಗಳು, ಹಳೆಯ ಕಾರ್ಡು, ಲಗ್ನಪತ್ರಿಕೆ ಎಲ್ಲ ಸೇರಿಸಿ ಒಂದು ಜಂಕ್ ಜರ್ನಲ್, ಅಂದರೆ ರದ್ದಿ ಕಾಗದದ ನೋಟ್‌ಬುಕ್, ಹೊಲಿಯುವ ಯೋಚನೆಯೂ ಇದೆ. ವಿಡಿಯೊಗಳಲ್ಲಿ ಅಮೆರಿಕದ ಲೆಟರ್ ಸೈಜ್ ಹಾಳೆ, ಇಂಚಿನ ಲೆಕ್ಕ. ದಯವಿಟ್ಟು ಎ4 ಲೆಕ್ಕದಲ್ಲೇ ಹೇಳಿ.

ರದ್ದಿರಾಯ_ಪುಣೆ

ಅಕ್ಕಾರ, ಮೊದಲನೇ ತೊಂದರಿಗೆ ಕಾರಣ ನಿಮ್ಮ ಕೈ ಅಲ್ಲ, ಹಾಳಿಯ ಗ್ರೇನ್. ಮಿಲ್ಲಿನಾಗ ಕಾಗದ ಓಡೋ ದಿಕ್ಕಿಗೇ ಹೆಚ್ಚಿನ ನಾರು ಮಲಗಿರ್ತಾವ. ನಾರಿನ ಜೊತಿಗೆ ಮಡಚಿದ್ರ ಹಾಳಿ ಸುಮ್ನ ಬಾಗ್ತದ. ಅಡ್ಡ ಮಡಚಿದ್ರ ನಾರು ಮುರೀತಾವ, ಮ್ಯಾಲಿನ ಬಣ್ಣದ ಪದರು ಸೀಳಿ ಒಳಗಿನ ಬಿಳಿ ತಿರುಳು ಕಾಣ್ತದ. ತಿರುಳಿನ ತನಕ ಬಣ್ಣ ಇರೋ ಹಾಳಿಯೊಳಗೂ ನಾರು ಮುರಿಯೋದು ಮುರೀತದ, ಕಣ್ಣಿಗೆ ಕಾಣೂದಿಲ್ಲ ಅಷ್ಟ.

ಎ4 ಪ್ಯಾಕೆಟ್ಟಿನ ಹಾಳಿಗೆ ಬಹುತೇಕ 297 ಮಿ.ಮೀ. ದಿಕ್ಕಿನ ಗ್ರೇನ್ ಇರ್ತದ. ನೀವು ಅದನ್ನ ನಟ್ಟನಡುವ ಮಡಚಿದ್ರಿ, ಅಂದ್ರ ಗ್ರೇನಿಗೆ ನೇರ ಅಡ್ಡ ಬಂತು. ಪ್ಯಾಕೆಟ್ ನಂಬಬ್ಯಾಡ್ರಿ, ಪರೀಕ್ಷೆ ಮಾಡ್ರಿ: ಮಡಿಕಿ ಬೀಳಧಂಗ ಹಾಳಿಯನ್ನ ಒಮ್ಮೆ ಉದ್ದಕ್ಕ, ಒಮ್ಮೆ ಅಗಲಕ್ಕ ಸುರುಳಿ ಬಗ್ಗಿಸಿ ಅಂಗೈಯಿಂದ ಒತ್ತಿ ನೋಡ್ರಿ. ಯಾವ ಕಡೆ ಕಡಿಮೆ ಸೆಟೀತದೋ ಆ ಸುರುಳಿಯ ಉದ್ದಕ್ಕ ಗ್ರೇನ್ ಐತಿ.

ಪರಿಹಾರ ಸುಲಭ. ಎ4 ಹಾಳಿಯನ್ನ 148.5ಕ್ಕ ಕತ್ತರಿಸಿ ಎರಡು ತುಂಡು ಮಾಡ್ರಿ. ಪ್ರತಿ ತುಂಡಿನ 210ರ ಬದಿಯನ್ನ ಅಳೆದು 105ಕ್ಕ ಗೀರಿ ಮಡಚ್ರಿ. ಈಗ ಮಡಿಕಿ ಗ್ರೇನ್ ಜೊತಿಗೆ ಬಂತು. 105×148ರ ಕಾರ್ಡು, ಸಿ6 ಲಕೋಟಿಯೊಳಗ (114×162) ಕೂಡ್ತದ. 30 ಕಾರ್ಡಿಗೆ 15 ಹಾಳಿ, ತಪ್ಪಿಗೆ ಎರಡು ಜಾಸ್ತಿ. ದೊಡ್ಡ ಕಾರ್ಡೇ ಬೇಕಂದ್ರ ಎ4 ಬಿಟ್ಟು ದೊಡ್ಡ ಶೀಟ್ ತಂದು ಗ್ರೇನ್ ನೋಡಿ ಕತ್ತರಿಸ್ರಿ.

ಗೀರೋದರೊಳಗೂ ಒಂದು ತಪ್ಪು ಭಾಳ ಮಂದಿ ಮಾಡ್ತಾರ. ಕಟ್ಟರಿನ ಮೊನೆಯಿಂದ ಗೀರಿದ್ರ ನಾರು ಅರ್ಧ ಕತ್ತರಿಸಿಹೋಗ್ತದ. ಬೋನ್ ಫೋಲ್ಡರ್ (ಕಾಗದ ಗೀರಿ ತೀಡೋ ಮೊಂಡ ಪಟ್ಟಿ) ಇಲ್ಲಂದ್ರ ಇಂಕ್ ಮುಗಿದ ಬಾಲ್‌ಪೆನ್ ಸಾಕು. ಕೆಳಗ ನಾಲ್ಕೈದು ಹಾಳಿ ರದ್ದಿ ಹಾಕಿ, ಸ್ಟೀಲ್ ಸ್ಕೇಲ್ ಹಿಡಿದು ಒಮ್ಮೆ ಜೋರಾಗಿ ಎಳೆಯೋ ಬದಲು ಮೂರು ಸಲ ಹಗುರ ಎಳೀರಿ. ಗೀರಿದ ಬದಿಗೆ ತಗ್ಗು, ಹಿಂದಿನ ಬದಿಗೆ ಉಬ್ಬು ಬರ್ತದಲ್ಲ, ಆ ಉಬ್ಬು ಮಡಿಕಿಯ ಒಳಗ ಹೋಗಬೇಕು. ಉಲ್ಟಾ ಮಡಚಿದ್ರ ಹೊರಗಿನ ಪದರು ಹೆಚ್ಚಿಗಿ ಎಳೀತದ, ಮತ್ತ ಬಿರುಕು. ಮಡಚಿದ ಮ್ಯಾಲೆ ಒಂದು ಚೂರು ಕಾಗದ ಮುಚ್ಚಿ ಚಮಚದ ಬೆನ್ನಿನಿಂದ ತೀಡ್ರಿ, ಇಲ್ಲಾಂದ್ರ ಮಡಿಕಿ ಮ್ಯಾಲೆ ಮಿಂಚು ಗೆರಿ ಉಳೀತದ.

ಸುರುಳಿ_ಮಡಗಾಂವ್

ಡೊಂಕಿನ ವಿಷಯಕ್ಕೆ ಬರುತ್ತೇನೆ. ಫೆವಿಕಾಲ್‌ನಲ್ಲಿ ನೀರಿದೆ ಮಾರಾಯ್ರೆ. ನೀರು ಕುಡಿದ ನಾರು ದಪ್ಪವಾಗುತ್ತದೆ, ಉದ್ದವಾಗುವುದು ತೀರ ಕಡಿಮೆ. ಹಾಗಾಗಿ ಹಾಳೆ ಹಿಗ್ಗುವುದು ಗ್ರೇನಿಗೆ ಅಡ್ಡವಾಗಿ. ಒದ್ದೆಯಾಗಿ ಹಿಗ್ಗಿದ ತೆಳು ಪೇಪರನ್ನು ಒಣ ಕಾರ್ಡಿನ ಮೇಲೆ ಕೂರಿಸುತ್ತೀರಿ. ಒಣಗುವಾಗ ಅದು ಕುಗ್ಗಿ ಕಾರ್ಡನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೇಲಿನ ಪೇಪರಿನ ಗ್ರೇನ್ ಒಂದು ದಿಕ್ಕು, ಕಾರ್ಡಿನದು ಇನ್ನೊಂದು ದಿಕ್ಕು ಆದರೆ ಸೊಟ್ಟ ಇನ್ನೂ ಜಾಸ್ತಿ.

ಕಾರ್ಡಿನ ಚಪ್ಪಟೆ ಪದರುಗಳಿಗೆ ದ್ರವದ ಅಂಟೇ ಬೇಡ. 6 ಮಿ.ಮೀ. ಡಬಲ್ ಸೈಡ್ ಟೇಪನ್ನು ನಾಲ್ಕೂ ಅಂಚಿಗೆ, ಅಂಚಿನಿಂದ 2 ಮಿ.ಮೀ. ಒಳಗೆ ಹಾಕಿ. ನಡುವೆ ಒಂದು ಪಟ್ಟಿ. ಎರಡು ಬದಿಯ ಟೇಪಿನ ಮೇಲುಕಾಗದ ಮಾತ್ರ ಮೊದಲು ಸುಲಿದು, ಜಾಗ ಸರಿಯಿದೆಯೋ ನೋಡಿ, ಆಮೇಲೆ ಉಳಿದದ್ದನ್ನು ಸುಲಿಯಿರಿ. ಒಂದೇ ಸಲ ಎಲ್ಲ ಸುಲಿದರೆ ವಕ್ರ ಕೂತದ್ದನ್ನು ಎಬ್ಬಿಸಲಿಕ್ಕೆ ಆಗುವುದಿಲ್ಲ. 105×148ರ ಕಾರ್ಡಿಗೆ ಮೊದಲ ಪದರು 97×140, ಅದರ ಮೇಲೆ 91×134. ಸುತ್ತ 4 ಮತ್ತು 3 ಮಿ.ಮೀ. ಅಂಚು ಉಳಿಯುತ್ತದೆ. ಅಂಚು ಎಲ್ಲ ಒಂದೇ ಅಳತೆ ಇಟ್ಟರೆ ಯಾಕೋ ಫೋಟೊ ಫ್ರೇಮಿನ ಹಾಗೆ ಕಾಣುತ್ತದೆ ಅಂತ ನನ್ನ ಅಭಿಪ್ರಾಯ.

ಫೆವಿಕಾಲ್ ಬೇಕೇ ಬೇಕಾದರೆ ಬಾಟಲಿಯಿಂದ ನೇರ ಹಿಂಡಬೇಡಿ. ಬ್ರಷ್‌ನಲ್ಲಿ ತೆಳ್ಳಗೆ ಬಳಿದು, ಎರಡರ ಗ್ರೇನನ್ನೂ ಒಂದೇ ದಿಕ್ಕಿಗೆ ಇಟ್ಟು, ಅಂಟಿಸಿದ ಕೂಡಲೇ ಬಟರ್ ಪೇಪರ್ ನಡುವೆ ಇಟ್ಟು ಭಾರದ ಪುಸ್ತಕಗಳ ಅಡಿಯಲ್ಲಿ ಒಂದು ರಾತ್ರಿ ಬಿಡಿ. ಫ್ಯಾನಿನ ಗಾಳಿಗೆ ಒಣಗಿಸಿದರೆ ಹಪ್ಪಳವೇ.

ಮೈದಾ ಅಂಟು ಸುಕ್ಕು ಬೀಳದ ಹಾಗೆ ಹಚ್ಚಬಹುದು, ಆದರೆ ನಮ್ಮ ಕರಾವಳಿಯ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಬೆಳ್ಳಿಹುಳವೂ ಬರುತ್ತದೆ. ಹಳೆಯ ಬೈಂಡರುಗಳು ಅದಕ್ಕೆ ಮೈಲುತುತ್ತ ಸೇರಿಸುತ್ತಿದ್ದದ್ದು ಇದೇ ಕಾರಣಕ್ಕೆ. ಅದು ವಿಷ, ಮಕ್ಕಳ ಕೈಗೆ ಹೋಗುವ ಕಾರ್ಡಿಗೆ ಹಾಕಲೇಬಾರದು.

ಎಂಬಾಸಿಂಗ್ ಪೌಡರ್ (ಸ್ಟಾಂಪಿನ ಹಸಿ ಇಂಕಿನ ಮೇಲೆ ಉದುರಿಸಿ ಶಾಖಕ್ಕೆ ಕರಗಿಸುವ ಪುಡಿ) ಹಾಕುವವರಿದ್ದರೆ ಇಷ್ಟು: ತೇವ ಹೀರಿದ ಹಾಳೆಗೆ ಪುಡಿ ಎಲ್ಲ ಕಡೆ ಅಂಟುತ್ತದೆ. ಸ್ಟಾಂಪ್ ಒತ್ತುವ ಮೊದಲು ಬಟ್ಟೆಯಲ್ಲಿ ಕಟ್ಟಿದ ಟಾಲ್ಕಂ ಪೌಡರನ್ನು ಹಗುರವಾಗಿ ತಟ್ಟಿ. ಹೇರ್ ಡ್ರೈಯರ್ ಕೆಲಸಕ್ಕೆ ಬಾರದು, ಶಾಖ ಸಾಲದು, ಗಾಳಿ ಪುಡಿಯನ್ನೇ ಹಾರಿಸುತ್ತದೆ. ಹೀಟ್ ಗನ್ನೇ ಬೇಕು. ಪುಡಿ ಕರಗಿ ಮಿಂಚಿದ ಕ್ಷಣ ಮುಂದಕ್ಕೆ ಸರಿಸಿ. ಒಂದೇ ಕಡೆ ಹಿಡಿದರೆ ಮಿಂಚು ಹಾಳೆಯೊಳಗೆ ಇಂಗಿ ಮಂಕಾಗುತ್ತದೆ.

ಡೊಂಬಿವಲಿ_ಕತ್ತರಿ

ಬಗ್ಗಿಸಿ ನೋಡಿದೆ, ನೀವು ಹೇಳಿದ್ದೇ ಸರಿ. 297ರ ದಿಕ್ಕಿಗೇ ಗ್ರೇನ್ ಇದೆ. ಬಿರುಕು ಬಿಟ್ಟ ಆರು ದೊಡ್ಡ ಕಾರ್ಡುಗಳನ್ನು ಬಿಸಾಡಬೇಕಾ? ಇನ್ನೊಂದು, ಕಡುಕೆಂಪಿನ ಮೇಲೆ ಪೆನ್ನಿನ ಬರಹ ಕಾಣುವುದಿಲ್ಲ, ಒಳಗೆ ಏನು ಮಾಡುತ್ತೀರಿ?

ಮಾಟುಂಗದ_ಮಡಿಕೆ

ಬಿಸಾಡುವುದೇಕೆ? ಬಿರುಕಿನ ಮೇಲೇ ಕತ್ತರಿಸಿ, ಮಡಿಕೆಯಿಲ್ಲದ ಹನ್ನೆರಡು ತುಂಡುಗಳಾಗುತ್ತವೆ. ಪ್ರತಿಯೊಂದನ್ನೂ ಗ್ರೇನ್ ನೋಡಿ ಮಡಚಿದರೆ ಮತ್ತೆ ಎ6 (105×148) ಕಾರ್ಡು. ಮಡಚದೆ ಒಂಟಿ ಹಾಳೆಯ ಕಾರ್ಡು ಮಾಡಿದರೂ ತಪ್ಪೇನಿಲ್ಲ. ಲಂಡನ್ನಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಮಾಡಿಸಿದ, ಹಾರ್ಸ್‌ಲಿ ಬರೆದ ಚಿತ್ರದ ಮೊದಲ ಕ್ರಿಸ್‌ಮಸ್ ಕಾರ್ಡೇ ಮಡಿಕೆಯಿಲ್ಲದ್ದು. ಕಲ್ಲಚ್ಚಿನಲ್ಲಿ ಮುದ್ರಿಸಿ ಕೈಯಲ್ಲಿ ಬಣ್ಣ ತುಂಬಿದ್ದರು.

ಬರೆಯುವುದಕ್ಕೆ ಒಳಹಾಳೆ ಹಾಕಿ. 100 ಜಿಎಸ್‌ಎಂ ಬಿಳಿ ಕಾಗದ, 200×140, ನಡುವೆ ಮಡಚಿದರೆ 100×140. ಇದನ್ನು ಪೂರ್ತಿ ಅಂಟಿಸಬೇಡಿ. ಮಡಿಕೆಯ ಪಕ್ಕ, ಹಿಂಬದಿಯಲ್ಲಿ ಮಾತ್ರ ಒಂದು ಸಣ್ಣ ಪಟ್ಟಿ ಟೇಪ್.

ಈಗ ಮರ. ನಿಮ್ಮ ಲೆಕ್ಕ ತಪ್ಪಿದ್ದು ಒಂದೇ ಕಡೆ. ಮಡಿಕೆಯಿಂದ ಕತ್ತರಿಸಿದ ಪಟ್ಟಿಯನ್ನು ಒಳಕ್ಕೆ ತಳ್ಳಿ ಕಾರ್ಡು ಮುಚ್ಚಿದಾಗ ಅದರ ಮೂಗು, ಅಂದರೆ ಮುಂದಿನ ತುದಿ, ಕತ್ತರಿಸಿದ ಉದ್ದದ ಎರಡರಷ್ಟು ದೂರ ಹೋಗಿ ಕೂರುತ್ತದೆ. 80 ಕತ್ತರಿಸಿದರೆ ಮೂಗು ಮಡಿಕೆಯಿಂದ 160ಕ್ಕೆ. ನಿಮ್ಮ ಕಾರ್ಡಿನ ಅಗಲ 148.5. ಉಳಿದ 11.5 ಮಿ.ಮೀ. ಅದೇ ನಿಮ್ಮ ಬೆರಳಗಲ. ಅಂದರೆ ಕತ್ತರಿಸುವ ಉದ್ದ ಯಾವಾಗಲೂ ಮಡಚಿದ ಅಗಲದ ಅರ್ಧಕ್ಕಿಂತ ಕಡಿಮೆ ಇರಬೇಕು.

ಎ6 ಕಾರ್ಡಿಗೆ ಮರದ ಅಳತೆ ಕೊಡುತ್ತೇನೆ. ಮರವನ್ನು ಕೆಂಪು ಕಾರ್ಡಿನಲ್ಲೇ ಕತ್ತರಿಸಬೇಡಿ, ಹೊರಗಿನಿಂದ ತೂತು ಕಾಣುತ್ತದೆ. 160ರಿಂದ 180 ಜಿಎಸ್‌ಎಂ ಹಸಿರು ಹಾಳೆ 200×140 ತೆಗೆದುಕೊಂಡು 100ಕ್ಕೆ ಮಡಚಿ. ಮಡಿಕೆಯ ಅಂಚಿನಲ್ಲಿ ಕೆಳಗಿನಿಂದ 25, 37, 49, 61, 73, 85, 97 ಮಿ.ಮೀ.ಗೆ ಗುರುತು ಹಾಕಿ. ಆ ಗುರುತುಗಳಿಂದ ಒಳಕ್ಕೆ ಕ್ರಮವಾಗಿ 45, 45, 38, 31, 24, 17, 10 ಮಿ.ಮೀ. ಉದ್ದ ಕತ್ತರಿಸಿ. ಮೊದಲೆರಡೂ 45 ಇರುವುದು ಅಚ್ಚಿನ ತಪ್ಪಲ್ಲ. ಕೆಳಗಿನ ಪಟ್ಟಿ ಬಿಡಿಸಿಕೊಳ್ಳಬೇಕಾದರೆ ಅದರ ಎರಡೂ ಬದಿ ಪೂರ್ತಿ ಕತ್ತರಿಸಿರಬೇಕು. ಈಗ 12 ಮಿ.ಮೀ. ಎತ್ತರದ ಆರು ಪಟ್ಟಿಗಳಿವೆ. ಪ್ರತಿಯೊಂದರ ಬುಡಕ್ಕೂ, ಅಂದರೆ 45, 38, 31, 24, 17, 10ಕ್ಕೆ, ಗೀರಿ ಎರಡೂ ಕಡೆಗೆ ಒಮ್ಮೊಮ್ಮೆ ಮಡಚಿ ಸಡಿಲ ಮಾಡಿ. ಆಮೇಲೆ ಹಾಳೆ ತೆರೆದು ಒಂದೊಂದಾಗಿ ಒಳಕ್ಕೆ ತಳ್ಳಿ. ಮುಚ್ಚಿದಾಗ ದೊಡ್ಡ ಪಟ್ಟಿಯ ಮೂಗು 90ಕ್ಕೆ ನಿಲ್ಲುತ್ತದೆ, ಹೊರಗೆ ಬರುವುದಿಲ್ಲ.

ಕಾರ್ಡಿಗೆ ಅಂಟಿಸುವಾಗ ಪಟ್ಟಿಗಳ ಹಿಂದೆ ಅಂಟು ತಾಗಬಾರದು, ತಾಗಿದರೆ ಮರ ಏಳುವುದೇ ಇಲ್ಲ. ಹಸಿರು ಹಾಳೆಯ ಮಡಿಕೆ ಕಾರ್ಡಿನ ಮಡಿಕೆಯೊಳಗೆ ಸರಿಯಾಗಿ ಕೂತಿರಬೇಕು. ಅರ್ಧ ಹಾಳೆ ಅಂಟಿಸಿ, ಇನ್ನರ್ಧದ ಟೇಪ್ ಸುಲಿದು, ಕಾರ್ಡನ್ನು ಮುಚ್ಚಿಬಿಡಿ. ತನ್ನ ಜಾಗ ತಾನೇ ಹಿಡಿಯುತ್ತದೆ.

ದಬ್ಬಣ_ಗಿರ್ಗಾಂವ್

ಜರ್ನಲ್‌ಗೂ ಅದೇ ಗ್ರೇನ್ ಶಾಸ್ತ್ರ ಅನ್ವಯಿಸುತ್ತದೆ. ಎ4 ಅನ್ನು ನಡುವೆ ಮಡಚಿ ಎ5 ಪುಟ ಮಾಡಿದರೆ ಪುಸ್ತಕ ಮುಚ್ಚಿಕೊಂಡು ಕೂರುವುದಿಲ್ಲ, ಸ್ಪ್ರಿಂಗಿನ ಹಾಗೆ ಬಾಯಿ ತೆರೆಯುತ್ತದೆ. 80 ಜಿಎಸ್‌ಎಂ ಆದರೆ ಸಹಿಸಬಹುದು. ದಪ್ಪ ಹಾಳೆಯಾದರೆ ಎ5 ತುಂಡು ಮಡಚಿ ಎ6 ಜರ್ನಲ್ ಮಾಡುವುದು ಜಾಣತನ. ಕೈಯಲ್ಲಿ ತಯಾರಿಸಿದ ಕಾಗದಕ್ಕೆ ಮಾತ್ರ ಇಂಥ ಗ್ರೇನ್ ಇಲ್ಲವೆಂದೇ ಹೇಳಬಹುದು, ಎತ್ತ ಬೇಕಾದರೂ ಮಡಚಿ. ಪುಣೆಯವರಿಗೆ ಶಿವಾಜಿನಗರದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟ್ ಇದೆ. ಮುಂಬೈಯಲ್ಲಿ ದೊಡ್ಡ ಶೀಟುಗಳಿಗೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್.

ಹೊಸಬರು ಎಡವುವುದು ದಪ್ಪದಲ್ಲಿ. ಖಾಲಿ ಹಾಳೆ ಹೊಲಿದು, ಆಮೇಲೆ ಜೇಬು, ಟ್ಯಾಗ್ (ಅಲಂಕಾರದ ಚೀಟಿ), ಲೇಸು ಎಲ್ಲ ಅಂಟಿಸುತ್ತಾರೆ. ಬೆನ್ನು ತೆಳ್ಳಗೆ, ಬಾಯಿ ದಪ್ಪ, ಮೊಸಳೆ ಬಾಯಿ ತೆರೆದ ಹಾಗೆ. ಹೊಲಿಯುವಾಗಲೇ ಬೆನ್ನಿಗೆ ದಪ್ಪ ಕೊಡಿ. 40 ಮಿ.ಮೀ. ಅಗಲದ ಪಟ್ಟಿಗಳನ್ನು ನಡುವೆ ಮಡಚಿ, ಎರಡು ಹಾಳೆಗೊಂದರಂತೆ ಕಂತೆಯೊಳಗೆ ಸೇರಿಸಿ. ಮಡಿಕೆಯ ಪಕ್ಕ 20 ಮಿ.ಮೀ. ಮಾತ್ರ ಕಾಣುವ ಈ ಗಿಡ್ಡ ಹಾಳೆಗಳಿಗೇ ಆಮೇಲೆ ದೊಡ್ಡ ಟ್ಯಾಗುಗಳನ್ನೂ ಅಂಟಿಸಬಹುದು.

ಒಂದು ಕಂತೆಗೆ ಆರು ಹಾಳೆ ಸಾಕು. ಎ6 ಎತ್ತರಕ್ಕೆ ತೂತುಗಳು ಮೇಲಿನಿಂದ 24, 74, 124 ಮಿ.ಮೀ.ಗೆ. ಕಂತೆಯನ್ನು ಹಳೆಯ ಟೆಲಿಫೋನ್ ಡೈರೆಕ್ಟರಿಯಂಥ ದಪ್ಪ ಪುಸ್ತಕದ ನಡುವೆ ತೆರೆದಿಟ್ಟು ದಬ್ಬಣದಿಂದ ಚುಚ್ಚಿದರೆ ತೂತು ಮಡಿಕೆ ಬಿಟ್ಟು ಆಚೆ ಹೋಗುವುದಿಲ್ಲ. ದಾರ 45 ಸೆಂ.ಮೀ., ಮೇಣದಬತ್ತಿಗೆ ಎರಡು ಸಲ ಉಜ್ಜಿ. ಒಳಗಿನಿಂದ ನಡು ತೂತಿಗೆ ಹಾಕಿ ಹೊರಗೆ ಬನ್ನಿ, ಮೇಲಿನ ತೂತಿನಿಂದ ಒಳಗೆ, ನಡುವಿನದನ್ನು ಬಿಟ್ಟು ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡು ತೂತಿನಿಂದ ಒಳಗೆ. ದಾರದ ಎರಡು ತುದಿಗಳು ಒಳಗಿನ ಉದ್ದ ಹೊಲಿಗೆಯ ಎಡಕ್ಕೊಂದು ಬಲಕ್ಕೊಂದು ಇರಲಿ, ಅದರ ಮೇಲೆ ಗಂಟು. ದಾರವನ್ನು ಹಾಳೆಯ ಸಮಕ್ಕೆ ಎಳೆಯಿರಿ, ನೇರ ಮೇಲಕ್ಕೆ ಎಳೆದರೆ ತೂತು ಸೀಳುತ್ತದೆ.

ಹಳೆಯ ಕ್ರಿಸ್‌ಮಸ್ ಕಾರ್ಡಿನ ಚಿತ್ರದ ಅರ್ಧವನ್ನು ಪುಟದಲ್ಲಿ ಕೂರುವ ಅಳತೆಗೆ ಕತ್ತರಿಸಿ ಮೂರು ಬದಿ 4 ಮಿ.ಮೀ. ಅಂಟಿನಲ್ಲಿ ಕೂರಿಸಿದರೆ ಜೇಬು ಸಿದ್ಧ. ಬಾಯಿ ಕಡೆ ನಾಣ್ಯದ ಗಾತ್ರದ ಅರ್ಧಚಂದ್ರ ಕತ್ತರಿಸಿ, ಟ್ಯಾಗ್ ಹಿಡಿಯಲು ಬೆರಳು ಹೋಗಬೇಕಲ್ಲ. ಲಗ್ನಪತ್ರಿಕೆಯ ದಪ್ಪ ಹಾಳೆ ಹೊದಿಕೆಗೆ ಬಲು ಚೆಂದ. ಗಣಪತಿ ಇರುವ ಭಾಗಕ್ಕೆ ಕತ್ತರಿ ಹಾಕಲು ಮನಸ್ಸು ಬಾರದಿದ್ದರೆ ಅದನ್ನೇ ಮುಖಪುಟ ಮಾಡಿ. ಕಾಲನಿರ್ಣಯ ಕ್ಯಾಲೆಂಡರಿನ ಹಾಳೆ ತೆಳು, ಹಿಂದೆ ಇನ್ನೊಂದು ಕಾಗದ ಅಂಟಿಸಿಯೇ ಬಳಸಿ. ಅಂಗಡಿಯ ಥರ್ಮಲ್ ಬಿಲ್ಲು ತಾನಾಗಿ ಮಾಸುತ್ತದೆ, ಅದರ ಝೆರಾಕ್ಸ್ ಹಾಕಿ.

ಸುರುಳಿ_ಮಡಗಾಂವ್

ಪುಟಕ್ಕೆ ಕಾಫಿ ಬಣ್ಣ ಕೊಡುವವರು ಕೇಳಿ: 250 ಮಿ.ಲೀ. ಬಿಸಿನೀರಿಗೆ ಎರಡು ಟೀ ಚಮಚ ಇನ್‌ಸ್ಟಂಟ್ ಕಾಫಿ, ಎರಡು ನಿಮಿಷ. ತೀರ ಗಟ್ಟಿ ಮಾಡಿದರೆ ಪುಟ ಅಂಟಂಟಾಗುತ್ತದೆ. ಇಂಕ್‌ಜೆಟ್ ಪ್ರಿಂಟ್ ಕರಗಿ ಹರಡುತ್ತದೆ, ಲೇಸರ್ ಪ್ರಿಂಟ್ ನಿಲ್ಲುತ್ತದೆ. ಮಿಕ್ಕಿದ ಚಹಾ ಹಾಕುವುದಾದರೆ ಸಕ್ಕರೆ ಇರಬಾರದು, ಇರುವೆ ಬರುತ್ತದೆ.

ದಬ್ಬಣ_ಗಿರ್ಗಾಂವ್

ನನ್ನ ಮಾತು ಕೇಳಿದರೆ ಮುಂಬೈಯ ಜುಲೈಯಲ್ಲಿ ಕಾಫಿಯೂ ಬೇಡ, ಚಹಾವೂ ಬೇಡ. ಈಗ ಡಿಸೆಂಬರಿನಲ್ಲಿ ಮಾಡಿ, ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ ಆಮೇಲೆ ಹೊಲಿಯಿರಿ.

ರದ್ದಿರಾಯ_ಪುಣೆ

ಅಂಚೆಗೆ ಹಾಕೋರಿಗೆ ಒಂದು ಲೆಕ್ಕ. ಎ5 ತುಂಡು 300 ಜಿಎಸ್‌ಎಂದ್ದು ಸುಮಾರು 9.3 ಗ್ರಾಂ, 250ರದ್ದಾದ್ರ 7.8. ಲಕೋಟಿ, ಒಳಹಾಳಿ, ಮ್ಯಾಲಿನ ಪದರು, ಹಸಿರು ಮರ ಎಲ್ಲ ಕೂಡಿದ್ರ 20 ಗ್ರಾಂ ಸುಲಭ ದಾಟ್ತದ, ಅಲ್ಲಿಂದ ಮುಂದಿನ ದರ. ಮರ ಇರೋ ಕಾರ್ಡಿಗೆ 250 ಜಿಎಸ್‌ಎಂ ತಗೊಳ್ರಿ, ಮೊದಲ ಕಾರ್ಡು ಮುಗಿದ ಕೂಡ್ಲೆ ಅಡಗಿಮನಿ ತಕ್ಕಡಿ ಮ್ಯಾಲೆ ಇಟ್ಟು ನೋಡಿ ಉಳಿದ 29 ಸುರು ಮಾಡ್ರಿ. ಮತ್ತ ಮ್ಯಾಲೆ ಫೋಮ್ ಟೇಪಿನ ಉಬ್ಬು ಇದ್ರ, ಲಕೋಟಿಯೊಳಗ ಆ ಬದಿಗೆ ಒಂದು ತೆಳು ರಟ್ಟು ಇಡ್ರಿ. ಮುದ್ರಿ ಬೀಳೋದು ಅಲ್ಲೇ.